ಅಟ್ಟದ ಮೇಲಿನ ಕೋವಿಗೂ ಮಳೆಗಾಲ ಬರುತ್ತದೆ

ಎರಡು ವರ್ಷದ ಹಿಂದಿನ ಮಾತು. ಭತ್ತ ಹೊಡೆಯಾಗುವ ಹೊತ್ತು. ಗದ್ದೆಗೆ ಹಂದಿ ಇಳಿದಿದೆ ಎಂದು ರಾತ್ರಿ ಪಕ್ಕದ ಮನೆಯಿಂದ ಫೋನ್ ಬಂತು. ಸದ್ದು ಮಾಡಿ ಓಡಿಸೋಣ ಎಂದು ಕೋವಿ ಇಳಿಸಿದೆ. ತೋಟಾ (ಮದ್ದುಗುಂಡು ತುಂಬಿದ ಕೊಳವೆ) ಹಾಕುವ ಮೊದಲು ನಳಿಗೆಯೊಳಗೆ ಒಮ್ಮೆ ಬೆಳಕು ಬಿಟ್ಟು ನೋಡುವುದು ಅಪ್ಪ ಕಲಿಸಿದ ಅಭ್ಯಾಸ. ಎಡ ನಳಿಗೆಯಲ್ಲಿ ಬ್ಯಾಟರಿ ಬೆಳಕು ದುಂಡಗೆ ಕಂಡಿತು. ಬಲ ನಳಿಗೆಯಲ್ಲಿ ಬರೀ ಕತ್ತಲೆ. ಗಜ, ಅಂದರೆ ನಳಿಗೆ ಒರೆಸುವ ಸರಳು, ಹಾಕಿ ನೂಕಿದರೆ ಹೆಬ್ಬೆರಳು ಗಾತ್ರದ ಮಣ್ಣಿನ ಉಂಡೆ ಜಗಲಿಯ ಮೇಲೆ ಬಿತ್ತು. ಒಡೆದು ನೋಡಿದೆ. ಒಳಗೆ ನಾಲ್ಕು ಹಸಿರು ಹುಳ, ಅರೆಜೀವವಾಗಿ ಸುರುಟಿಕೊಂಡಿದ್ದವು. ಕುಂಬಾರ ಹುಳ ನಮ್ಮ ಕೋವಿಯಲ್ಲಿ ಬಾಣಂತನದ ಕೋಣೆ ಕಟ್ಟಿತ್ತು!

ನೋಡದೆ ಹೊಡೆದಿದ್ದರೆ? ತೋಟಾ ಸಿಡಿದಾಗ ಹುಟ್ಟುವ ಗಾಳಿಗೆ ಮುಂದೆ ದಾರಿ ಇಲ್ಲದಿದ್ದರೆ ಅದು ಪಕ್ಕಕ್ಕೆ ದಾರಿ ಮಾಡಿಕೊಳ್ಳುತ್ತದೆ. ನಳಿಗೆ ಬಾಳೆದಿಂಡಿನ ಹಾಗೆ ಸೀಳುತ್ತದೆ. ನಮ್ಮ ಎಡಗೈ ಇರುವುದು ಸರಿಯಾಗಿ ಅಲ್ಲೇ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇರುವ ಮನೆಗಳು ಬೇಕಾದಷ್ಟಿವೆ. ವರ್ಷಕ್ಕೆ ನಾಲ್ಕು ಸಲ ಸದ್ದು ಮಾಡಿದರೆ ಹೆಚ್ಚು. ಉಳಿದ ದಿನವೆಲ್ಲ ಅದು ಸುಮ್ನೆ ಕೂತಿರುತ್ತದೆ, ಹಾಗೆ ಕೂತಲ್ಲೇ ಹಾಳಾಗುತ್ತದೆ. ಹಾಗಾಗಿ ಗುರಿ ಇಡುವುದು ಹೇಗೆ ಎಂದು ನಾನಿಲ್ಲಿ ಬರೆಯುವುದಿಲ್ಲ. ಕೂತ ಕೋವಿಯನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬುದಷ್ಟೇ ನನ್ನ ವಿಷಯ.

ಮೊದಲು ಕಾಗದ

ಕೋವಿಗೆ ತುಕ್ಕು ಹಿಡಿದರೆ ತಿಕ್ಕಬಹುದು. ಲೈಸೆನ್ಸ್ ಅವಧಿ ಮುಗಿದರೆ ತಿಕ್ಕಿ ಪ್ರಯೋಜನವಿಲ್ಲ. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷವಾಗಿದೆ. ಒಬ್ಬರ ಹೆಸರಿನಲ್ಲಿ ಮೊದಲು ಮೂರು ಕೋವಿ ಇಟ್ಟುಕೊಳ್ಳಬಹುದಿತ್ತು, ಈಗ ಎರಡೇ. ಐದು ವರ್ಷ ಎಂದ ಕೂಡಲೇ ನಮಗೆ ಮರೆಯಲು ಅನುಕೂಲವಾಯಿತು, ಅಲ್ವಾ? ನಾನು ಮುಗಿಯುವ ತಾರೀಖನ್ನು ಸೊಸೈಟಿಯ ಸಾಲದ ಪುಸ್ತಕದ ಮೇಲೆ ಬರೆದಿಟ್ಟಿದ್ದೇನೆ. ಆ ಪುಸ್ತಕ ವರ್ಷಕ್ಕೊಮ್ಮೆಯಾದರೂ ಕೈಗೆ ಬರಲೇಬೇಕು.

ಮುಗಿಯುವುದಕ್ಕೆ ಎರಡು ತಿಂಗಳಿಗಿಂತ ಮೊದಲೇ ಅರ್ಜಿ ಹಾಕಿ. ಪಹಣಿ, ಹಳೆಯ ಲೈಸೆನ್ಸ್, ಗುರುತಿನ ಚೀಟಿ, ಫೋಟೋ ಒಂದೇ ಫೈಲಿನಲ್ಲಿರಲಿ. ಪೊಲೀಸ್ ವರದಿ ಆಗಬೇಕು. ಕಚೇರಿ ಕೆಲಸಕ್ಕೆ ದೇವಿಮನೆ ಘಟ್ಟ ಇಳಿದು ಕಾರವಾರಕ್ಕೆ ಹೋಗುವುದೆಂದರೆ ನೂರು ಕಿಲೋಮೀಟರ್ ದಾಟುತ್ತದೆ. ಒಂದು ಜೆರಾಕ್ಸ್ ಮರೆತು ವಾಪಸ್ ಬಂದವರ ಬಾಯಲ್ಲಿ ಆ ಘಟ್ಟದ ತಿರುವುಗಳ ಲೆಕ್ಕ ಕೇಳಬೇಕು. ಲೈಸೆನ್ಸಿನಲ್ಲಿ ಯುಐಎನ್ ಎಂಬ ಗುರುತಿನ ಸಂಖ್ಯೆ ಇದೆಯೇ ನೋಡಿ. ಹಳೆಯ ಲೈಸೆನ್ಸ್ ಪುಸ್ತಕ ಇಟ್ಟುಕೊಂಡವರಲ್ಲಿ ಅದು ಇಲ್ಲದಿದ್ದರೆ ನವೀಕರಣದ ಹೊತ್ತಿಗೆ ತಂಟೆ ಖಂಡಿತ. ಕೋವಿಯ ಮೇಲೆ ಕೆತ್ತಿದ ನಂಬರೂ ಪುಸ್ತಕದ ನಂಬರೂ ಒಂದೇ ಇದೆಯೇ ಎಂದೂ ಈಗಲೇ ನೋಡಿಕೊಳ್ಳಿ. ತುಕ್ಕಿನಲ್ಲಿ 3 ಹೋಗಿ 8 ಆಗಿರುತ್ತದೆ.

ದಾಂಡೇಲಿ, ಜೋಯಿಡಾ ಕಡೆಯವರಿಗೆ ಇನ್ನೊಂದು ನಿಯಮ. ಅಭಯಾರಣ್ಯದ ಒಳಗೆ ಅಥವಾ ಅದರಿಂದ ಹತ್ತು ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರರು ಅರಣ್ಯ ಇಲಾಖೆಯಲ್ಲೂ ಹೆಸರು ನೋಂದಾಯಿಸಬೇಕು. ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಹೇಳುವುದು ಇದನ್ನೇ. ಅಲ್ಲಿ ಹೊಸ ಲೈಸೆನ್ಸ್ ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು.

ಇನ್ನು ಮನೆಯಲ್ಲಿ ಯಾರೂ ಮಾತಾಡಲು ಇಷ್ಟಪಡದ ವಿಷಯ. ಲೈಸೆನ್ಸುದಾರರು ತೀರಿಕೊಂಡರೆ ಕೋವಿ ತನ್ನಿಂದ ತಾನೇ ಮಗನದ್ದಾಗುವುದಿಲ್ಲ. ವಾರಸುದಾರರು ಅದನ್ನು ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ ರಸೀದಿ ತೆಗೆದುಕೊಳ್ಳಬೇಕು. ಆಮೇಲೆ ತಮ್ಮ ಹೆಸರಿಗೆ ಅರ್ಜಿ. ವೈಕುಂಠ ಸಮಾರಾಧನೆಯ ಗಡಿಬಿಡಿಯಲ್ಲಿ ಇದು ಯಾರಿಗೂ ನೆನಪಿರುವುದಿಲ್ಲ. ಆದರೆ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡರೆ ಎರಡರಿಂದ ಐದು ವರ್ಷ ಜೈಲು. ಅಪ್ಪನದ್ದು ಎಂಬ ಭಾವನೆ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಲೈಸೆನ್ಸ್ ಇದ್ದರೆ ಹಂದಿ ಹೊಡೆಯಬಹುದಾ?

ಇಲ್ಲ. ನಮ್ಮಲ್ಲಿ ಅರ್ಧ ಜನ ಹೊಡೆಯಬಹುದು ಎಂದೇ ತಿಳಿದಿದ್ದಾರೆ. ಕೋವಿ ಇಟ್ಟುಕೊಳ್ಳಲು ಕೊಟ್ಟ ಪರವಾನಗಿ ಬೇರೆ, ಪ್ರಾಣಿ ಕೊಲ್ಲಲು ಬೇಕಾದ ಅನುಮತಿ ಬೇರೆ. ಮೊದಲನೆಯದು ಜಿಲ್ಲಾಡಳಿತದ್ದು, ಎರಡನೆಯದು ಅರಣ್ಯ ಇಲಾಖೆಯದ್ದು. ಬೆಳೆಗೆ ಅಪಾಯ ಎಂದು ಹಂದಿ ಹೊಡೆಯಬೇಕಾದರೆ 1972ರ ವನ್ಯಜೀವಿ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಧಿಕಾರ ಇರುವ ಅಧಿಕಾರಿಯ ಲಿಖಿತ ಆದೇಶ ಬೇಕು. ಮಂಗ, ನವಿಲು, ಕಾಡುಕೋಣ ಎಲ್ಲ ಆ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ, ಅಂದರೆ ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳು. ಅವು ಬೆಳೆ ತಿಂದವು ಎಂಬುದು ಕಾರಣವೇ ಆಗುವುದಿಲ್ಲ. ಉರುಳು ಹಾಕುವುದೂ ಕಾನೂನಿನ ಕಣ್ಣಲ್ಲಿ ಬೇಟೆಯೇ. ಕೊಡಗಿನವರಿಗೆ ಲೈಸೆನ್ಸೇ ಬೇಡವಂತೆ ಎಂದು ವಾದ ಮಾಡುವವರು ಇರುತ್ತಾರೆ. ಅಲ್ಲಿನ ವಿನಾಯಿತಿ ಅವರದ್ದು, ಮತ್ತು ಅದೂ ಲೈಸೆನ್ಸಿಗೆ ಮಾತ್ರ, ಬೇಟೆಗಲ್ಲ.

ಹಾಗಾಗಿ ನಮ್ಮ ಪಾಲಿಗೆ ಕೋವಿ ಎಂದರೆ ದೊಡ್ಡ ಸದ್ದು, ಅಷ್ಟೇ. ಬೆಳೆ ಹೋದದ್ದಕ್ಕೆ ಫೋಟೋ ತೆಗೆದು, ಪಹಣಿ ಜೋಡಿಸಿ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಬರುವ ದುಡ್ಡು ಸಾಕಾಗುತ್ತದೆ ಎಂದು ನಾನು ಹೇಳುವುದಿಲ್ಲ. ತೋಟದಲ್ಲಿ ಸತ್ತ ಮಂಗ ಕಂಡರೆ ಮುಟ್ಟಬೇಡಿ. ನಮ್ಮ ಸೀಮೆಯಲ್ಲಿ ಮಂಗನ ಕಾಯಿಲೆ ಇದೆ, 2024ರಲ್ಲಿ ಸಿದ್ದಾಪುರ ಕಂಡಿದೆ. ಆರೋಗ್ಯ ಇಲಾಖೆಗೆ ಫೋನ್ ಮಾಡಿ.

ಒರೆಸುವ ಕೆಲಸ

ಕೋವಿ ಕೈಗೆ ತೆಗೆದುಕೊಂಡ ಕೂಡಲೇ ಮೊದಲ ಕೆಲಸ ಅದು ಖಾಲಿ ಇದೆಯೇ ನೋಡುವುದು. ಯಾರು ಏನೇ ಹೇಳಲಿ. ಅಪ್ಪ ಹೇಳುತ್ತಿದ್ದರು: "ಖಾಲಿ ಇದ್ದು ಹೇಳಿ ಯಾರೇ ಹೇಳ್ಲಿ, ನಂಬಡ ತಮಾ. ನಾ ಹೇಳಿರೂ ನಂಬಡ." ಜೋಡು ನಳಿಗೆಯದ್ದಾದರೆ ಮಡಚಿ ಎರಡೂ ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿ. ಮುಂದಿನಿಂದ ತುಂಬುವ ಕೇಪಿನ ಕೋವಿಯಾದರೆ ಹೀಗೆ ನೋಡಲು ಬರುವುದಿಲ್ಲ. ಅದು ಖಾಲಿ ಇರುವುದು ಖಚಿತವಾದ ದಿನ ಗಜವನ್ನು ತಳದವರೆಗೆ ಇಳಿಸಿ, ನಳಿಗೆಯ ಬಾಯಿಗೆ ಸರಿಯಾಗಿ ಗಜದ ಮೇಲೊಂದು ಗೀರು ಹಾಕಿಡಿ. ಮುಂದೆ ಯಾವಾಗ ಇಳಿಸಿದರೂ ಗೀರು ಬಾಯಿಗಿಂತ ಮೇಲೆ ನಿಂತರೆ ಒಳಗೆ ಏನೋ ಇದೆ ಎಂದೇ ಅರ್ಥ. ಕೇಪು, ಅಂದರೆ ಮದ್ದಿಗೆ ಕಿಡಿ ಕೊಡುವ ಸಣ್ಣ ಟೊಪ್ಪಿ, ಮೊದಲು ತೆಗೆದಿರಬೇಕು, ಗಜ ಇಳಿಸುವಾಗ ಮುಖ ಬಾಯಿಯ ಮೇಲೆ ಇರಬಾರದು.

ಒಳಗೆ ಏನೂ ಇಲ್ಲ ಎಂದಾದ ಮೇಲೆ ಸ್ವಚ್ಛತೆ. ಇಲ್ಲಿ ಎರಡು ದಾರಿ.

ಕೇಪಿನ ಕೋವಿಯಲ್ಲಿ ಹಾಕುವ ಕರಿಮದ್ದು ಉರಿದ ಮೇಲೆ ಉಪ್ಪಿನಂಥ ಮಸಿ ಬಿಡುತ್ತದೆ. ಅದು ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಉಪ್ಪಿನಕಾಯಿ ಜಾಡಿಯ ಪಕ್ಕ ಉಪ್ಪು ಒದ್ದೆಯಾಗುವುದಿಲ್ಲವೇ, ಹಾಗೇ. ಎಣ್ಣೆಗೆ ಈ ಮಸಿ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಕಬ್ಬಿಣಕ್ಕೆ ನೀರಾ ಎಂದು ಹಿಂಜರಿಯಬೇಡಿ. ಬಚ್ಚಲ ಒಲೆಯ ಹಂಡೆಯಿಂದ ಕೈ ಸುಡುವಷ್ಟು ಬಿಸಿನೀರು ತೆಗೆದು ಸ್ವಲ್ಪ ಸೋಪು ಕದಡಿ. ಸಾಧ್ಯವಾದರೆ ನಳಿಗೆಯನ್ನು ಮರದಿಂದ ಬೇರೆ ಮಾಡಿ. ಗಜದ ತುದಿಗೆ ಹಳೆಯ ಪಂಚೆಯ ತುಂಡು ಸುತ್ತಿ ಮೇಲೆ ಕೆಳಗೆ ಆಡಿಸಿ. ಮೊದಲು ಬರುವ ನೀರು ಕಪ್ಪು, ಕೊಳೆತ ಮೊಟ್ಟೆಯ ವಾಸನೆ. ತಿಳಿನೀರು ಬರುವ ತನಕ ಬಿಡಬೇಡಿ. ಕೊನೆಗೆ ಕುದಿಯುವಂಥ ನೀರು ಒಂದು ಸಲ ಹೊಯ್ದರೆ ಕಬ್ಬಿಣವೇ ಬಿಸಿಯಾಗಿ ತಾನೇ ಒಣಗುತ್ತದೆ. ಒಣಬಟ್ಟೆ ಎರಡು ಸಲ, ಆಮೇಲೆ ಎಣ್ಣೆಬಟ್ಟೆ ಒಂದು ಸಲ. ಹೊಡೆದ ದಿನವೇ ಇದನ್ನು ಮಾಡಬೇಕು. ನಾಳೆ ಎಂದರೆ ಜುಲೈ ತಿಂಗಳಲ್ಲಿ ನಾಳೆಯೊಳಗೆ ಕೆಂಪಾಗಿರುತ್ತದೆ.

ತೋಟಾ ಕೋವಿಗೆ ನೀರು ಬೇಡ. ಸೀಮೆಎಣ್ಣೆ ಅದ್ದಿದ ಬಟ್ಟೆ ಮಸಿ ಬಿಡಿಸುತ್ತದೆ. ಆದರೆ ಸೀಮೆಎಣ್ಣೆ ಹಾರಿಹೋಗುತ್ತದೆ, ಕಾಪಾಡುವುದಿಲ್ಲ. ಮೇಲಿಂದ ತೆಳ್ಳಗೆ ಎಣ್ಣೆ ಬೇಕೇ ಬೇಕು. ಕೋವಿ ಎಣ್ಣೆ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಲಿಗೆ ಮೆಷಿನ್ ಎಣ್ಣೆ ಸಾಕು.

ತೆಂಗಿನೆಣ್ಣೆ ಮಾತ್ರ ಬೇಡ. ಒಂದು ವರ್ಷ ನಾನೂ ಅದನ್ನೇ ಸವರಿದ್ದೆ, ಮನೆಯಲ್ಲೇ ಇರುತ್ತದಲ್ಲ ಎಂದು. ತೆಂಗಿನೆಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಕೋವಿ ಎತ್ತಿದರೆ ಕುದುರೆ (ತೋಟಾದ ಬುಡಕ್ಕೆ ಪೆಟ್ಟು ಕೊಡುವ ಸುತ್ತಿಗೆ) ಮೇಲೇಳಲು ಒಲ್ಲೆ ಎಂದಿತು. ಬೇಸಿಗೆಗೆ ಅದೇ ಎಣ್ಣೆ ಅಂಟಾಗಿ, ಧೂಳು ಹಿಡಿದು, ಕಮಟು ವಾಸನೆ. ಬಿಡಿಸಲು ಎರಡು ದಿನ ಹಿಡಿಯಿತು.

ಎಣ್ಣೆ ಜಾಸ್ತಿಯಾದರೂ ತೊಂದರೆ. ನಳಿಗೆ ಮೇಲೆ ಮಾಡಿ ನಿಲ್ಲಿಸಿದರೆ ಎಣ್ಣೆ ಇಳಿದು ಮರದ ಹಿಡಿಯ ಕುತ್ತಿಗೆಗೆ ಸೇರುತ್ತದೆ. ವರ್ಷಗಟ್ಟಲೆ ಹೀಗಾದರೆ ಮರ ಮೆತ್ತಗಾಗಿ ಒಂದು ದಿನ ಅಲ್ಲೇ ಬಿರಿಯುತ್ತದೆ. ಒರೆಸಿದ ಮೇಲೆ ಒಂದು ರಾತ್ರಿ ನಳಿಗೆಯ ಬಾಯಿ ಕೆಳಗೆ ಮಾಡಿ, ಹಳೆ ಪೇಪರ್ ಮೇಲೆ ನಿಲ್ಲಿಸಿಡಿ. ಮರಕ್ಕೆ ಬೇಕಾದರೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ ತಿಕ್ಕಿ.

ಘಟ್ಟದ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಹದಿನೈದು ದಿನಕ್ಕೊಮ್ಮೆ ಎಣ್ಣೆಬಟ್ಟೆ ಸವರಿದರೆ ಸಾಕು. ಅಂಕೋಲಾ, ಕುಮಟಾ, ಕಾರವಾರದವರಿಗೆ ಉಪ್ಪುಗಾಳಿ ಹನ್ನೆರಡು ತಿಂಗಳೂ ಇದೆ, ಅವರು ವಾರಕ್ಕೊಮ್ಮೆ ನೋಡಬೇಕು. ಬೆವರಿದ ಬೆರಳಿನ ಗುರುತು ಕೂಡ ಮೂರು ದಿನದಲ್ಲಿ ತುಕ್ಕಿನ ಬೆರಳಚ್ಚಾಗುತ್ತದೆ.

ಇಡುವ ಜಾಗ

ರೆಕ್ಸಿನ್ ಚೀಲದಲ್ಲಿ ಹಾಕಿ ಜಿಪ್ ಎಳೆದು ಇಡುವುದು ಎಲ್ಲರೂ ಮಾಡುವ ತಪ್ಪು. ಒಳಗಿನ ಪಸೆ ಹೊರಗೆ ಹೋಗಲು ದಾರಿಯೇ ಇಲ್ಲ. ಚೀಲ ಒಯ್ಯುವುದಕ್ಕೆ, ಇಡುವುದಕ್ಕಲ್ಲ. ಬೀಗ ಇರುವ ಮರದ ಕಪಾಟು, ಹೊರಗೋಡೆಗೆ ತಾಗದ ಕಡೆ, ಒಳ್ಳೆಯದು. ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಬಟ್ಟೆ ಪೊಟ್ಟಣದ್ದಾದರೆ ತಿಂಗಳಿಗೊಮ್ಮೆ ಬಿಸಿ ಮಾಡಿದರೆ ಮತ್ತೆ ಕೆಲಸ ಮಾಡುತ್ತದೆ. ಅಡಿಕೆ ಅಟ್ಟದ ಹೊಗೆ ಕೋವಿಗೂ ಒಳ್ಳೆಯದು ಎನ್ನುವ ಹಳಬರಿದ್ದಾರೆ. ಹೊಗೆಯಲ್ಲಿ ಹುಳಿ ಇದೆ, ಕಬ್ಬಿಣವನ್ನು ತಿನ್ನುತ್ತದೆ. ಆ ಮಾತು ಕೇಳಬೇಡಿ.

ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೇರೆ ಬೀಗ. ಬೀಗದಕೈ ಲೈಸೆನ್ಸುದಾರರ ಹತ್ತಿರ ಮಾತ್ರ. ಬೇಸಿಗೆ ರಜೆಗೆ ಬೆಂಗಳೂರಿಂದ ಬರುವ ಮಕ್ಕಳಿಗೆ ಅಜ್ಜನ ಮನೆಯಲ್ಲಿ ಆಸಕ್ತಿ ಇರುವುದು ಎರಡೇ ಜಾಗದಲ್ಲಿ. ಒಂದು ಮಾವಿನ ಮರ, ಇನ್ನೊಂದು ಬೀಗ ಹಾಕಿದ ಕಪಾಟು.

ತೋಟಾ

ಹನ್ನೆರಡು ಬೋರ್ ಎಂಬುದು ನಳಿಗೆಯ ಅಗಲದ ಅಳತೆ, ಹಾಗೆಂದು ಹನ್ನೆರಡು ಬೋರ್ ಎಂದರೆಲ್ಲ ಒಂದೇ ಅಲ್ಲ. ಹಳೆಯ ಕೋವಿಗಳ ಕೋಣೆ, ಅಂದರೆ ತೋಟಾ ಕೂರುವ ಜಾಗ, 65 ಮಿಲಿಮೀಟರ್ ಉದ್ದ. ಎರಡೂವರೆ ಇಂಚು ಎಂದೂ ಕೆತ್ತಿರಬಹುದು. ಈಗ ಜಾಸ್ತಿ ಸಿಗುವ ತೋಟಾ 70 ಮಿಲಿಮೀಟರಿನದ್ದು. ತಮಾಷೆ ಎಂದರೆ ಉದ್ದದ ತೋಟಾ ಗಿಡ್ಡ ಕೋಣೆಯಲ್ಲೂ ಕೂರುತ್ತದೆ. ತೋಟಾದ ಮಡಚಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ ಆ 70, ಅದು ಹೊಡೆದಾಗಲೇ ಗೊತ್ತಾಗುವುದು. ಬಾಯಿ ಪೂರ್ತಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ನಳಿಗೆ ಬಿಚ್ಚಿ, ಅಡಿಭಾಗದ ಕೆತ್ತನೆ ಓದಿ, ಪುಸ್ತಕದಲ್ಲಿ ಬರೆದಿಡಿ. ಅಂಗಡಿಯಲ್ಲಿ ಅಳತೆ ಹೇಳಿ ಕೇಳಿ.

ನಳಿಗೆಯ ಮೇಲೆ ಹಾವಿನ ಮೈಯಂಥ ಸುರುಳಿ ಚಿತ್ತಾರ ಇದ್ದರೆ ಅದು ಡಮಾಸ್ಕಸ್ ನಳಿಗೆ, ಕಬ್ಬಿಣದ ಪಟ್ಟಿ ಹೆಣೆದು ಬೆಸೆದದ್ದು. ಕರಿಮದ್ದಿನ ಕಾಲದ್ದು. ಇವತ್ತಿನ ತೋಟಾ ಅದಕ್ಕಲ್ಲ. ಗೋಡೆಯ ಮೇಲೆ ಚಂದ ಕಾಣುತ್ತದೆ, ಅಲ್ಲೇ ಇರಲಿ. ಲೈಸೆನ್ಸ್ ಅದಕ್ಕೂ ಬೇಕು.

ತೋಟಾದ ಹಿತ್ತಾಳೆ ಬುಡ ಹಸಿರಾಗಿದ್ದರೆ, ಮೈ ಉಬ್ಬಿದ್ದರೆ ಒತ್ತಿ ಕೂರಿಸಬೇಡಿ. ಪಸೆಯಾದ ತೋಟಾವನ್ನು ಒಲೆದಂಡೆಯ ಮೇಲೆ ಒಣಗಿಸುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೈಮುಗಿದು ಹೇಳುತ್ತೇನೆ, ಬೇಡ. ಬಾವಿಗೂ ಎಸೆಯಬೇಡಿ, ಬೆಂಕಿಗೂ ಹಾಕಬೇಡಿ. ಕೊಂಡ ಅಂಗಡಿಯಲ್ಲೋ ಠಾಣೆಯಲ್ಲೋ ವಿಚಾರಿಸಿ, ಲೆಕ್ಕ ಬರೆಸಿ ಒಪ್ಪಿಸಿ. ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಕೊಳ್ಳಬಹುದು ಎಂದು ಲೈಸೆನ್ಸಿನಲ್ಲೇ ಇರುತ್ತದೆ.

ಖಾಲಿ ತೋಟಾ ತುಂಬುವ ಆಸೆ

ತೋಟಾದ ಬೆಲೆ ಕೇಳಿದವರಿಗೆ ಈ ಆಲೋಚನೆ ಬಂದೇ ಬರುತ್ತದೆ. ಅಮೆರಿಕದಲ್ಲಿರುವ ಅಕ್ಕನ ಮಗ ಒಮ್ಮೆ ಫೋಟೋ ಕಳಿಸಿದ್ದ. ಅವನ ಗ್ಯಾರೇಜಿನಲ್ಲಿ ಒಂದು ಬೆಂಚು, ಒತ್ತುವ ಯಂತ್ರ, ಸಣ್ಣ ತಕ್ಕಡಿ. ರೈಫಲ್ಲಿನ ಖಾಲಿ ಹಿತ್ತಾಳೆ ಕೊಳವೆಯನ್ನು ತಾನೇ ಮತ್ತೆ ತುಂಬಿ ಜಿಂಕೆ ಬೇಟೆಗೆ ಹೋಗುತ್ತಾನಂತೆ. ಅಲ್ಲಿ ಅದು ಕಾನೂನಿನ ಒಳಗಿನ ಹವ್ಯಾಸ. ಮದ್ದಿನ ಕಂಪನಿಗಳೇ ಅಳತೆಯ ಪುಸ್ತಕ ಅಚ್ಚು ಹಾಕುತ್ತವೆ. ಯಾವ ಮದ್ದು, ಯಾವ ಗುಂಡು, ಕನಿಷ್ಠ ಎಷ್ಟು, ಗರಿಷ್ಠ ಎಷ್ಟು, ಎಲ್ಲ ಪ್ರಯೋಗಾಲಯದಲ್ಲಿ ಒತ್ತಡ ಅಳೆದು ಕೊಟ್ಟದ್ದು. ಅಳತೆ ಗ್ರೇನ್‌ನಲ್ಲಿ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರ ತಕ್ಕಡಿಯ ಕೆಲಸ ಅದು. ಅಡಿಕೆ ತೂಗುವ ನಮ್ಮ ಕೈಗೆ ಒಂದು ಚಿಟಿಕೆ ಎಂದರೇ ಅದರ ಹತ್ತುಪಟ್ಟು.

ಇಲ್ಲಿ ಅದೇ ಕೆಲಸಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಇದೆ. ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು, ಬೆಳೆ ರಕ್ಷಣೆಯ ಪುಸ್ತಕ ಸಾಲದು. 2019ರ ನಂತರ ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿ ತನಕವೂ ಹೋಗಬಹುದು. ನಾಲ್ಕು ತೋಟಾದ ದುಡ್ಡು ಉಳಿಸಲು ಹೋಗಿ ತೋಟವನ್ನೇ ಮಾರಿ ವಕೀಲರಿಗೆ ಕೊಡುವ ವ್ಯಾಪಾರ ಇದು.

ಕೇಪಿನ ಕೋವಿಯವರು ಕೈಯಲ್ಲೇ ತುಂಬಬೇಕು, ಆ ಕೋವಿ ಇರುವುದೇ ಹಾಗೆ. ಅವರಿಗೂ ಮದ್ದು ಲೈಸೆನ್ಸ್ ಇರುವ ಅಂಗಡಿಯದ್ದೇ, ಪುಸ್ತಕದಲ್ಲಿ ಬರೆದಷ್ಟೇ. ಪಟಾಕಿ ಬಿಚ್ಚಿದ ಮದ್ದನ್ನು ಕೋವಿಗೆ ಹಾಕುವುದೆಂದರೆ ಕೋವಿಯನ್ನೇ ಪಟಾಕಿ ಮಾಡಿದ ಹಾಗೆ. ಅದು ಉರಿಯುವ ವೇಗವೇ ಬೇರೆ. ಹಿಟ್ಟಿನ ಉಂಡೆಯಲ್ಲಿ ಸಿಡಿಮದ್ದು ಇಟ್ಟು ಹಂದಿಗೆ ಹಾಕುವ ಕೆಟ್ಟ ಚಾಳಿಯೂ ಅಲ್ಲಲ್ಲಿ ಇದೆ. ಮೇಯಲು ಹೋದ ದನ ಅದನ್ನು ಕಚ್ಚಿದರೆ ದವಡೆಯೇ ಇರುವುದಿಲ್ಲ.

ಸದ್ದು ಮಾಡುವ ಹೊತ್ತು

ಚೆರೆ ಗುಂಡಿನ, ಅಂದರೆ ತೋಟಾದಿಂದ ಚದುರಿ ಹೋಗುವ ಸಣ್ಣ ಗುಂಡುಗಳ, ಪರಿಣಾಮ 35-40 ಮೀಟರಿಗೆ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಚೆರೆ ಅಷ್ಟಕ್ಕೆ ನಿಲ್ಲುವುದಿಲ್ಲ. 200 ಮೀಟರ್ ದಾಟಿ ಬೀಳುವ ಚೆರೆಯೂ ಕಣ್ಣಿಗೆ ಸಾಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಆಕಾಶಕ್ಕೆ ಹೊಡೆದರೆ ಏನೂ ಆಗುವುದಿಲ್ಲ ಎನ್ನುವವರು ಒಮ್ಮೆ ತಲೆ ಎತ್ತಿ ನೋಡಲಿ. ಪಕ್ಕದ ತೋಟದಲ್ಲಿ ಅಡಿಕೆ ಕೊಯ್ಯುವ ಕೊನೆಗೌಡ ಮರದ ತುದಿಯಲ್ಲಿ ಕೂತಿರುತ್ತಾನೆ, ಒಂದು ಮರದಿಂದ ಇನ್ನೊಂದಕ್ಕೆ ದಾಟುತ್ತಿರುತ್ತಾನೆ. ಕೊಯ್ಲು ನಡೆಯುವ ದಿನ ನಮ್ಮ ಮನೆಯಲ್ಲಿ ಕೋವಿ ಕಪಾಟಿನಿಂದ ಇಳಿಯುವುದಿಲ್ಲ. ಆ ದಿನ ಮಂಗನಿಗೆ ಡಬ್ಬ ಬಡಿಯುವುದೇ ಸೈ.

ಟ್ರಿಗರ್ ಎಳೆದಾಗ ಬರೀ ಟಕ್ ಎಂದರೆ ಕೂಡಲೇ ಮಡಚಿ ನೋಡಬೇಡಿ. ನಳಿಗೆ ಯಾರೂ ಇಲ್ಲದ ದಿಕ್ಕಿಗೆ ಹಿಡಿದು ಅರ್ಧ ನಿಮಿಷ ಕಾಯಿರಿ. ಕೇಪಿನ ಕೋವಿಗೆ ಎರಡು ನಿಮಿಷ. ತಡವಾಗಿ ಹೊತ್ತುವ ಮದ್ದು ಇರುತ್ತದೆ. ಢಂ ಎನ್ನುವ ಬದಲು ಠುಸ್ ಎಂದರೆ ಇನ್ನೂ ಎಚ್ಚರ. ತೋಟಾದೊಳಗೆ ಮದ್ದಿಗೂ ಚೆರೆಗೂ ನಡುವೆ ಇರುವ ಬಿಲ್ಲೆ ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಇನ್ನೊಂದು ತೋಟಾ ಹಾಕುವ ಮೊದಲು ಮತ್ತೆ ಬೆಳಕಿಗೆ ಹಿಡಿದು ನೋಡಲೇಬೇಕು.

ಚುನಾವಣೆ ಬಂದಾಗ

ನೀತಿಸಂಹಿತೆ ಬಂದ ಕೂಡಲೇ ಕೋವಿ ಠಾಣೆಗೆ ಕೊಡಿ ಎಂದು ಆದೇಶ ಬರುತ್ತದೆ. ಬೆಳೆ ಕಾಯಲು ಬೇಕು ಎನ್ನುವವರು ಜಿಲ್ಲಾ ಪರಿಶೀಲನಾ ಸಮಿತಿಗೆ ವಿನಾಯಿತಿ ಕೇಳಿ ಅರ್ಜಿ ಕೊಡಬಹುದು. ಸಿಕ್ಕದಿದ್ದರೆ ಕೊಡಲೇಬೇಕು. 2024ರ ಲೋಕಸಭೆ ಚುನಾವಣೆಯಲ್ಲಿ ನೀತಿಸಂಹಿತೆ ಬಂದದ್ದು ಮಾರ್ಚ್ 16ಕ್ಕೆ, ನಮ್ಮ ಜಿಲ್ಲೆಯ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಲೆಕ್ಕ ಹಾಕಿ. ಕೋವಿ ಕೈಗೆ ಬರುವಾಗ ಮಳೆ ಶುರುವಾಗಿತ್ತು. ನನ್ನ ಕೋವಿಯನ್ನು ಇಟ್ಟದ್ದು ಒಂದು ಠಾಣೆಯ ಮೂಲೆಯ ಕೋಣೆಯಲ್ಲಿ, ಇನ್ನೂ ಹತ್ತಾರು ಕೋವಿಗಳ ಜೊತೆ, ಸೌದೆ ಒಟ್ಟಿದ ಹಾಗೆ. ವಾಪಸ್ ಬರುವಾಗ ಬಲ ನಳಿಗೆಯ ಹೊರಮೈ ಗೋರಂಟಿ ಹಚ್ಚಿದಂತಿತ್ತು.

ಈಗ ಕೊಡುವ ಮೊದಲು ದಪ್ಪಗೆ ಗ್ರೀಸ್ ಸವರುತ್ತೇನೆ. ಹತ್ತಿಬಟ್ಟೆ ಸುತ್ತಿ, ಕೋವಿ ನಂಬರ್ ಬರೆದ ಚೀಟಿ ಕಟ್ಟುತ್ತೇನೆ. ನಾಲ್ಕೂ ಕಡೆಯಿಂದ ಫೋಟೋ. ರಸೀದಿಯಲ್ಲಿ ಕೋವಿಯ ನಂಬರ್, ತೋಟಾಗಳ ಎಣಿಕೆ, ತಾರೀಖು, ಮುದ್ರೆ ನಾಲ್ಕೂ ಇರಬೇಕು. ಇಲ್ಲದಿದ್ದರೆ ಅಲ್ಲೇ ನಿಂತು ಬರೆಸಿಕೊಳ್ಳಿ, ಸಂಕೋಚ ಬೇಡ. ಫಲಿತಾಂಶ ಬಂದ ವಾರದಲ್ಲಿ ಹೋಗಿ ಕೇಳಿ.

ಇನ್ನೊಂದು ಕೆಲಸ ಮಾಡುತ್ತೇನೆ. ಹಳೆಯ ಸೊಳ್ಳೆಪರದೆಯ ತುಂಡನ್ನು ನಳಿಗೆಯ ಬಾಯಿಗೆ ಕೆಂಪು ದಾರದಲ್ಲಿ ಕಟ್ಟುತ್ತೇನೆ. ಬಟ್ಟೆ ತುರುಕಿದರೆ ಒಳಗೆ ಪಸೆ ನಿಲ್ಲುತ್ತದೆ, ಮರೆತು ಹೊಡೆಯುವ ಅಪಾಯವೂ ಇದೆ. ಪರದೆಯಾದರೆ ಗಾಳಿ ಆಡುತ್ತದೆ, ಕುಂಬಾರ ಹುಳ ಒಳಗೆ ಹೋಗುವುದಿಲ್ಲ, ಕೆಂಪು ದಾರ ಕಣ್ಣಿಗೆ ಹೊಡೆಯುತ್ತದೆ. ಕಳೆದ ಸಲ ರಸೀದಿ ಬರೆಯುತ್ತಿದ್ದ ಪೊಲೀಸಪ್ಪ ಅದನ್ನು ನೋಡಿ ಪೆನ್ನು ಕೆಳಗಿಟ್ಟರು.

"ಏನ್ರೀ ಹೆಗಡೇರೇ, ಕೋವಿಗೂ ಸೊಳ್ಳೆ ಕಚ್ತದಾ?"